ನೆಟ್ಟಗಿನ ಗೋಡೆ

"ಲೇ ಕಳ್ಳನನ್ಮಗನೇ, ಇದು ಮನೆಯಲ್ಲ ಕಣೋ, ರಸ್ತೆ! ಸರ್ಕಾರದ ರಸ್ತೆ ಮೇಲೆ ಗೋಡೆ ಕಟ್ತೀಯಾ?" ರಸ್ತೆ ಆಫೀಸಿನ ಸಾಹೇಬ ಒಲೆಯ ಪಕ್ಕ ಬೂಟುಗಾಲಲ್ಲೇ ನಿಂತು ಗದರಿದ.

ಮನೆಯೊಡೆಯ ಗಾರೆ ಮೇಸ್ತ್ರಿ ತಲೆ ತಗ್ಗಿಸಿದ. ಇಪ್ಪತ್ತಮೂರು ವರ್ಷದ ಹಿಂದೆ ಯಾರೋ ನಕ್ಷೆಯ ಮೇಲೆ ಕೆಂಪು ಗೆರೆ ಎಳೆದಿದ್ದರು; ಅವತ್ತಿನಿಂದ ಈ ಬೀದಿ ಕಾಗದದಲ್ಲಿ ಹೆದ್ದಾರಿ. ಹೆದ್ದಾರಿ ಬರಲಿಲ್ಲ, ಪರಿಹಾರವೂ ಬರಲಿಲ್ಲ. ಸಾಹೇಬರು ಮಾತ್ರ ತಪ್ಪದೆ ಬರುತ್ತಿದ್ದರು. ಮಾರೋಣವೆಂದರೆ ಕೊಳ್ಳುವವರಿಲ್ಲ, ರಿಪೇರಿ ಮಾಡೋಣವೆಂದರೆ ಅಪ್ಪಣೆಯಿಲ್ಲ. ಊರವರ ಮನೆಗಳನ್ನೆಲ್ಲ ಕಟ್ಟಿದ ಗಾರೆಯವರ ಬೀದಿಯಲ್ಲೇ ಗೋಡೆಗಳು ಕುಡುಕರಂತೆ ಒಂದರ ಹೆಗಲಿಗೊಂದು ಒರಗಿ ನಿಂತಿದ್ದವು.

ಹೋದ ತಿಂಗಳು ಅಮ್ಮನ ಮಂಚದ ಪಕ್ಕದ ಗೋಡೆ ಹೊಟ್ಟೆ ಉಬ್ಬಿಸಿಕೊಂಡಿತು. ಸೊಂಟ ಮುರಿದ ಮುದುಕಿ ಎದ್ದು ಓಡುವ ಹಾಗಿಲ್ಲ. ಒಂದೇ ಕೋಣೆಯಲ್ಲಿ ಮಂಚ ಸರಿಸಲು ಜಾಗವೂ ಇಲ್ಲ. ಅರ್ಜಿ ಹಿಡಿದು ಹೋದಾಗ ಇದೇ ಸಾಹೇಬ, "ಬಿದ್ದ ಮೇಲೆ ಬಾ. ಕೆಡವೋ ಕೆಲಸ ನಮಗೂ ತಪ್ಪುತ್ತೆ" ಅಂದಿದ್ದ. ಎಂಥ ದೂರದೃಷ್ಟಿ!

ಗಂಡ ಹೆಂಡತಿ ಬಾಗಿಲು ಹಾಕಿಕೊಂಡು ಎರಡೇ ದಿನದಲ್ಲಿ ಗೋಡೆ ಬಿಚ್ಚಿ ಕಟ್ಟಿದರು. ಹಳೇ ಇಟ್ಟಿಗೆಯನ್ನೇ ಬಳಸಿದರು. ಮೇಲೆ ಮಸಿ, ಟೀ ಚರಟ ಬಳಿದು, ನೂರು ವರ್ಷದ ಗೋಡೆ ಅನ್ನಬೇಕು, ಹಾಗೆ ಮಾಡಿದರು. ಆದರೆ ಕೈ ಮಾತು ಕೇಳಲಿಲ್ಲ. ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ನೋಡದೆ ಮೇಸ್ತ್ರಿ ಮೂವತ್ತು ವರ್ಷದಲ್ಲಿ ಒಂದು ಇಟ್ಟಿಗೆಯನ್ನೂ ಇಟ್ಟವನಲ್ಲ.

"ಇಡೀ ಬೀದಿ ಸೊಟ್ಟಗಿದೆ, ನಿನ್ನ ಗೋಡೆ ಒಂದೇ ಯಾಕೋ ನೆಟ್ಟಗಿದೆ?" ಸಾಹೇಬ ಬೂಟಿನಿಂದ ಒದ್ದ. ಜಪ್ಪಯ್ಯ ಅಂದರೂ ಗೋಡೆ ಅಲುಗಲಿಲ್ಲ. "ನೋಡು, ಅಲ್ಲಾಡೋದೂ ಇಲ್ಲ! ಸೋಮವಾರದೊಳಗೆ ನೀನೇ ಕೆಡವಬೇಕು. ಇಲ್ಲಾಂದ್ರೆ ಮನೇನೇ ನೆಲಸಮ."

"ಸೂರು ಅತ್ತೆ ಮೇಲೆ ಬೀಳುತ್ತೆ ಸ್ವಾಮಿ," ಹೆಂಡತಿ ಅಂಗಲಾಚಿದಳು.

"ರಸ್ತೇಲಿ ಮಂಚ ಹಾಕ್ಕೊಂಡು ಮಲಗಿದ್ರೆ ಇನ್ನೇನಾಗುತ್ತೆ?"

"ನನ್ನ ಸೊಂಟ ನೋಡಪ್ಪ ಸಾಹೇಬ," ಮುದುಕಿ ಮಂಚದಿಂದಲೇ ಕೂಗಿದಳು. "ಎಷ್ಟು ಸೊಟ್ಟಗಿದೆ! ಈ ಮನೇಲಿ ನಿನ್ನ ಕಾನೂನಿಗೆ ಸರಿಯಾಗಿರೋಳು ನಾನೊಬ್ಬಳೇ."

ಸಾಹೇಬ ಹೋದದ್ದೇ ತಡ, ಹೆಂಡತಿ ಗಂಡನ ಮೇಲೆ ತಿರುಗಿದಳು. "ಒಂದಿಷ್ಟು ವಾಲಿಸಿ ಕಟ್ಟಿದ್ರೆ ನಿನ್ನಪ್ಪನ ಗಂಟೇನು ಹೋಗ್ತಿತ್ತು?"

ಮೇಸ್ತ್ರಿಗೆ ನಾಚಿಕೆಯಾಯಿತು. ತಾನು ಕಟ್ಟಿದ ಗೋಡೆಗೆ ತಾನೇ ಮಸಿ ಬಳಿದೆನಲ್ಲ ಎಂದುಕೊಂಡ. ಗಾರೆ ಮೆತ್ತುವ ಕರಣೆ ಹಿಡಿದು ಹೋಗಿ ಪಕ್ಕದ ಮನೆ ಬಾಗಿಲು ಬಡಿದ.

"ಭಾವ, ಬಾ ಹೊರಗೆ. ನಿನ್ನ ಗೋಡೆ ನೆಟ್ಟಗೆ ಮಾಡೋಣ."

"ತಲೆ ಕೆಟ್ಟಿದೆಯೇನೋ? ಕಂಡರೆ ಒಳಗೆ ಹಾಕ್ತಾರೆ."

"ಕಾಣಲಿ."

ಸೋಮವಾರ ಸಾಹೇಬ ಹಾರೆ ಹಿಡಿದ ಆಳುಗಳ ಜೊತೆ ಬಂದ. ಅಷ್ಟರಲ್ಲಿ ಬೀದಿಯವರೆಲ್ಲ ಕೈಹಚ್ಚಿ ಏಳು ಮನೆಗಳ ಗೋಡೆಗಳನ್ನು ಹೊಸದಾಗಿ, ನೆಟ್ಟಗೆ ಎಬ್ಬಿಸಿದ್ದರು. ಮಸಿಯಿಲ್ಲ, ಚರಟವಿಲ್ಲ, ಹಸಿ ಗಾರೆ ಬಿಸಿಲಿಗೆ ಹೊಳೆಯುತ್ತಿತ್ತು. ಎಂಟನೆಯ ಮನೆಗೆ ಇಟ್ಟಿಗೆ ಇಡುತ್ತಿದ್ದವರು ಯಾರೂ ಕೆಲಸ ನಿಲ್ಲಿಸಲಿಲ್ಲ. ಮೇಸ್ತ್ರಿ ಒಬ್ಬನೇ ಗೋಡೆಯ ಮೇಲಿಂದ ಇಳಿದು ಬಂದ, ಆಳಿನ ಕೈಯಿಂದ ಹಾರೆ ಕಿತ್ತುಕೊಂಡು ಸಾಹೇಬನ ಎದೆಗೆ ಒತ್ತಿದ.

"ತಗೋ. ಯಾವುದು ಸೊಟ್ಟಗಿದೆಯೋ ಅದನ್ನ ನೀನೇ ಕೆಡವು."