ಭಾವನ ಗಾಳಿಮಾಪಕ

ದೋಣಿಕಟ್ಟೆಯಲ್ಲಿ ಎಲ್ಲರೂ ಅವಳನ್ನು ತಂತಿ ಎಂದೇ ಕರೆಯುತ್ತಿದ್ದರು. ಹಾಯಿದೋಣಿಗಳಿಗೆ ಎಲೆಕ್ಟ್ರಾನಿಕ್ ಸಾಮಾನು ಕೂರಿಸುವುದು ಅವಳ ಕಸುಬು. ಹದಿನಾರು ವರ್ಷಗಳಲ್ಲಿ ಬಗೆಬಗೆಯ ದಡ್ಡ ಗಿರಾಕಿಗಳನ್ನು ಕಂಡಿದ್ದಳು. ಅಕ್ಕನ ಗಂಡನ ಮಟ್ಟಕ್ಕೆ ಮಾತ್ರ ಯಾರೂ ಏರಿರಲಿಲ್ಲ.

ಭಾವ ಹಲ್ಲಿನ ಡಾಕ್ಟರು. ಈಜು ಬಾರದು. ದೋಣಿ ಕೊಂಡು ತಿಂಗಳಾಗುವಷ್ಟರಲ್ಲಿ ಸಮುದ್ರವೇ ತನ್ನ ಹಿತ್ತಲು ಎಂಬಂತೆ ಮಾತಾಡತೊಡಗಿದ್ದ. ಒಂದು ದಿನ ಅವಳ ಶೆಡ್ಡಿಗೆ ಬಂದು, ಮೇಜಿನ ಮೇಲಿದ್ದ ಸಾಮಾನನ್ನೆಲ್ಲ ಮೊಣಕೈಯಿಂದ ಬದಿಗೆ ತಳ್ಳಿ ಕ್ಯಾಟಲಾಗ್ ಹರಡಿದ.

"ನಾಲ್ಕು ಸ್ಕ್ರೀನ್. ರೇಡಾರ್. ಹಾಯಿಕಂಬದ ತುದಿಗೆ ವೈರ್‌ಲೆಸ್ ಗಾಳಿಮಾಪಕ."

"ಇಪ್ಪತ್ತೆರಡು ಅಡಿ ದೋಣಿಗೆ ರೇಡಾರ್ ಯಾಕೆ ಭಾವ? ಮಾಪಕಾನೂ ವೈರ್ ಇರೋದೇ ತಗೊಳ್ಳಿ. ಬ್ಯಾಟರಿ ಸತ್ರೆ ಕಂಬ ಹತ್ತೋರು ಯಾರು?"

"ಹತ್ತೋಕೆ ನೀನಿದ್ದೀಯಲ್ಲ!"

ಬಾಗಿಲಲ್ಲಿ ನಿಂತಿದ್ದ ಅಕ್ಕ ಮೆಲ್ಲಗೆ ಹೇಳಿದಳು: "ಚುಕ್ಕಾಣಿ ಹತ್ರ ಒಂದೇ ಸ್ಕ್ರೀನ್ ಸಾಕು ಕಣ್ರೀ. ಬಿಸಿಲಲ್ಲಿ ಅಂಕಿ ಕಂಡ್ರೆ ಆಯ್ತು. ಗಾಳಿ ಎಲ್ಲಿಂದ, ನೀರು ಎಷ್ಟು ಆಳ, ಇನ್ನೇನು ಬೇಕು?"

ಅಕ್ಕತಂಗಿಯರಿಬ್ಬರೂ ಅಪ್ಪನ ಜೊತೆ ಹಾಯಿ ಎಳೆದು ಬೆಳೆದವರು. ಭಾವ ಹೆಂಡತಿಯ ಮಾತು ಕಿವಿಗೇ ಬೀಳದವನಂತೆ ಪುಟ ತಿರುವಿದ.

ಗಾಳಿಮಾಪಕವನ್ನು ತಾನೇ ಕೂರಿಸುತ್ತೇನೆಂದು ಹಟ ಹಿಡಿದ. ಅಂಗಳದಲ್ಲಿ ಅಡ್ಡ ಮಲಗಿಸಿದ್ದ ಕಂಬದ ತುದಿಗೆ ಅದನ್ನು ಬಿಗಿದು ಎದೆ ಸೆಟೆಸಿ ನಿಂತ. ತಂತಿ ಒಮ್ಮೆ ನೋಡಿದಳು. ದೋಣಿಯ ಮುಂದಕ್ಕೆ ಚಾಚಬೇಕಿದ್ದ ಅದರ ತೋಳು ಹಿಂದಕ್ಕೆ ಚಾಚಿತ್ತು. ಹಿಂದಿನಿಂದ ಬರುವ ಗಾಳಿಯನ್ನು ಅದು ಮುಂದಿನಿಂದ ಎಂದೇ ತೋರಿಸುತ್ತದೆ. ಹೇಳಬೇಕೆಂದು ಬಾಯಿ ತೆರೆದಳು.

"ನೋಡಿ ಕಲ್ತುಕೋ, ಕೆಲ್ಸ ಅಂದ್ರೆ ಹೀಗಿರ್ಬೇಕು," ಎಂದ ಭಾವ.

ಅವಳು ಬಾಯಿ ಮುಚ್ಚಿದಳು. ಅನುಭವಿಸಲಿ, ಜಂಭ ಇಳಿಯಲಿ.

ಭಾನುವಾರ ಮೂವರೂ ಹೊರಟರು. ಚುಕ್ಕಾಣಿ ಭಾವನ ಕೈಯಲ್ಲಿ, ಕಣ್ಣು ಸ್ಕ್ರೀನ್ ಮೇಲೆ.

"ಗಾಳಿ ಎದುರಿಂದ ಬರ್ತಿದೆ. ತಿರುಗಿಸ್ತೀನಿ."

"ರೀ, ನನ್ನ ಬೆನ್ನಿಗೇ ಹೊಡೀತಿದೆ!" ಎಂದಳು ಮುಂದಕ್ಕೆ ಮುಖ ಮಾಡಿ ಕೂತಿದ್ದ ಅಕ್ಕ.

"ನಿನ್ನ ಬೆನ್ನಿಗೇನು ಗೊತ್ತು?"

ತಂತಿ ನಗು ತಡೆಯಲು ತುಟಿ ಕಚ್ಚಿದಳು. ಅಷ್ಟರಲ್ಲಿ ಭಾವ ಚುಕ್ಕಾಣಿ ತಳ್ಳಿದ. ಹಿಂದಿನ ಗಾಳಿ ಹಾಯಿಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಎಸೆಯಿತು. ಅದರ ಅಡಿಯ ಅಡ್ಡದಂಡ ರಪ್ಪನೆ ಬೀಸಿ ಬಂದು, ಹಗ್ಗ ಹಿಡಿಯಲು ಎದ್ದಿದ್ದ ಅಕ್ಕನ ಹೆಗಲಿಗೆ ಅಪ್ಪಳಿಸಿತು. ಮೂಳೆ ಮುರಿದ ಸದ್ದು ತಂಗಿಗೂ ಕೇಳಿಸಿತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಭಾವ ಕಂಡಕಂಡವರಿಗೆಲ್ಲ ಹೇಳುತ್ತಿದ್ದ: "ಬಗ್ಗಬೇಕಿತ್ತು. ಬಗ್ಗಲಿಲ್ಲ."

ಒಳಗೆ ತಂತಿ ಅಕ್ಕನ ಮಂಚದ ಪಕ್ಕ ಕೂತು ಒಪ್ಪಿಕೊಂಡಳು. "ಅದು ಉಲ್ಟಾ ಕೂತಿತ್ತು ಅಕ್ಕ. ನಾನು ಅವತ್ತೇ ನೋಡಿದ್ದೆ."

"ನೋಡಿನೂ ಸುಮ್ನಿದ್ಯಾ?"

"ಅವರ ಬಡಾಯಿ ನೋಡಿ..."

"ಅವರ ಬುದ್ಧಿ ನಂಗೆ ಗೊತ್ತು. ನಿನ್ನದೂ ಅಷ್ಟೇ ಅಂತ ಗೊತ್ತಿರ್ಲಿಲ್ಲ," ಎಂದು ಅಕ್ಕ ಗೋಡೆ ಕಡೆ ಮುಖ ಮಾಡಿದಳು.

ಹೆಗಲು ಕೂಡಿಕೊಳ್ಳಲು ಎರಡು ತಿಂಗಳು ಹಿಡಿಯಿತು. ಆಮೇಲೆ ಒಂದು ಬೆಳಿಗ್ಗೆ ಅಕ್ಕ ದೋಣಿ ಬಿಚ್ಚಿಕೊಂಡು ಒಬ್ಬಳೇ ಹೊರಟಳು. ಗಂಡನನ್ನೂ ಕರೆಯಲಿಲ್ಲ, ತಂಗಿಯನ್ನೂ ಕರೆಯಲಿಲ್ಲ. ಕಟ್ಟೆಯ ಮೇಲೆ ಭಾವ ಹಾಯಿ ಹೇಗೆ ಬಿಡಿಸಬೇಕೆಂದು ಕೂಗಿ ಕೂಗಿ ಹೇಳುತ್ತಿದ್ದ. ಅವನ ಪಕ್ಕದಲ್ಲೇ ನಿಲ್ಲಬೇಕಾಗಿ ಬಂದದ್ದಕ್ಕೆ ತಂತಿಗೆ ಮೈಯೆಲ್ಲ ಉರಿಯಿತು.