ವೆಂಕಟಲಕ್ಷ್ಮಮ್ಮನವರ ಕ್ಯಾಲೆಂಡರ್

ಮಾತ್ರೆಯ ಪ್ರಮಾಣ ಮತ್ತೆ ಹೆಚ್ಚಿದರೆ ಕೀರ್ತನಾ ಶಾಲೆಯ ಕೆಲಸ ಬಿಡಬೇಕಿತ್ತು. ಹಿಂದಿನ ಸಲ ಹೆಚ್ಚಿಸಿದಾಗ, ಕುರುಬರಹಳ್ಳಿಯ ಆ ಶಾಲೆಯಲ್ಲಿ ಏಳನೆಯ ತರಗತಿಗೆ ಗಣಿತ ಹೇಳುತ್ತಲೇ ಬೋರ್ಡಿಗೆ ಒರಗಿ ತೂಕಡಿಸಿದ್ದಳು. ಹೆಚ್ಚಿಸದಿದ್ದರೆ ಫಿಟ್ಸ್ ನಿಲ್ಲುತ್ತಿರಲಿಲ್ಲ.

ನರರೋಗ ತಜ್ಞ ಡಾ. ಪಂಚಾಕ್ಷರಿ ಪೆನ್ನು ಹಿಡಿದು, "ಯಾವ್ಯಾವ ದಿನ ಬಂತಮ್ಮಾ?" ಎಂದರು.

"ಇಂಥ ದಿನ ಅಂತೇನಿಲ್ಲ ಸಾರ್. ಯಾವಾಗ ಬೇಕಾದ್ರೂ ಬರುತ್ತೆ."

"ಯಾಕಿಲ್ಲ? ಐತೆ," ಎಂದರು ಜೊತೆಗೆ ಬಂದಿದ್ದ ಅಜ್ಜಿ ವೆಂಕಟಲಕ್ಷ್ಮಮ್ಮ. ಹೊಸಹಳ್ಳಿಯ ಹಳೆಯ ಒಕ್ಕಲು ಮನೆಯವರು. ಅಂಕಿ ಬಲ್ಲರು, ಅಕ್ಷರ ಬಾರದು. ಚೀಲದಿಂದ ಸುರುಳಿ ಸುತ್ತಿದ ಎರಡು ಕ್ಯಾಲೆಂಡರ್ ತೆಗೆದರು.

ಕೀರ್ತನಾಳ ಮುಖ ಬಿಸಿಯಾಯಿತು. ಅವು ದೇವರ ಮನೆಯ ಬಾಗಿಲ ಪಕ್ಕದ ಗೋಡೆಯವು. ಮುಟ್ಟಾದವಳು ಮೂರು ದಿನ ಅಲ್ಲಿ ದೀಪ ಹಚ್ಚಕೂಡದು. ಮುಂದಿನ ಪೂಜೆಯ ದಿನ ಗೊತ್ತುಮಾಡಲು ಅಜ್ಜಿ ಮೊಮ್ಮಗಳ ಆ ದಿನಗಳಿಗೆ ಕೆಂಪು ಸೊನ್ನೆ ಹಾಕುತ್ತಿದ್ದರು. ಅದೇ ವಿಷಯಕ್ಕೆ ಇಬ್ಬರಿಗೂ ಎಷ್ಟೋ ಸಲ ಜಗಳವಾಗಿತ್ತು.

"ಅಜ್ಜಿ, ಒಳಗಿಡು! ಮಾನ ತೆಗೀಬೇಡ."

"ಸುಮ್ಕಿರಮ್ಮಿ, ಡಾಕ್ಟ್ರ ಮುಂದೆ ಎಂಥ ಮಾನ? ಸ್ವಾಮಿ, ಸೊನ್ನೆ ಅಂದ್ರೆ ಹೊರಗಾಗಿದ್ದು. ಇಂಟು ಅಂದ್ರೆ ಇವಳು ಬಿದ್ದಿದ್ದು."

ಇಂಟು ಗುರುತುಗಳನ್ನು ಕೀರ್ತನಾ ಈವರೆಗೆ ನೋಡಿಯೇ ಇರಲಿಲ್ಲ. ಸಿಟ್ಟಿನಿಂದ ಆ ಗೋಡೆಯತ್ತ ತಿರುಗುವುದನ್ನೇ ಬಿಟ್ಟಿದ್ದಳು.

ಡಾಕ್ಟರು ಬೆರಳಿಟ್ಟು ಎಣಿಸಿದರು. ಹದಿನಾಲ್ಕು ತಿಂಗಳು, ಹದಿನೇಳು ಸಲ. ಅದರಲ್ಲಿ ಹದಿಮೂರು, ಮುಟ್ಟಿಗೆ ಮೂರು ದಿನ ಮುಂಚಿನಿಂದ ಮುಟ್ಟಿನ ಮೂರನೆಯ ದಿನದೊಳಗೆ.

"ಮೆದುಳಿನ ಕೆರಳಿಕೆ ತಗ್ಗಿಸೋ ಹಾರ್ಮೋನು ಒಂದಿದೆ, ಪ್ರೊಜೆಸ್ಟರಾನ್ ಅಂತ. ಮುಟ್ಟಿಗೆ ಮುಂಚೆ ಅದು ಸರ್ರನೆ ಇಳಿಯುತ್ತೆ. ಕೆಲವರಿಗೆ ಆಗಲೇ ಫಿಟ್ಸ್ ಜಾಸ್ತಿ. ದಿನದ ಮಾತ್ರೆ ಹೆಚ್ಚಿಸೋದು ಬೇಡ, ಆ ದಿನಗಳಿಗೆ ಮಾತ್ರ ಇನ್ನೊಂದು ಕೊಟ್ಟು ನೋಡೋಣ," ಎಂದರು. ಆಮೇಲೆ ಅಜ್ಜಿಯತ್ತ ತಿರುಗಿ, "ಓದಿದವ್ರೂ ಹಿಂಗೆ ಗುರುತು ಹಾಕ್ಕೊಂಡು ಬರಲ್ಲಮ್ಮಾ."

"ಅವ್ರಿಗೆ ನೆಪ್ಪಿರುತ್ತೆ ಅನ್ನೋ ಧೈರ್ಯ ಸ್ವಾಮಿ. ನಂಗದಿಲ್ಲ."

ಗಣಿತ ಹೇಳುವ ತಾನು ಕಾಣದ ಲೆಕ್ಕವನ್ನು ಈ ಮುದುಕಿ ಒಬ್ಬಳೇ ಕೂತು ಕಂಡಿದ್ದಳು. ಕೀರ್ತನಾ ಅಜ್ಜಿಯ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

ಮುಂದಿನ ನಾಲ್ಕು ತಿಂಗಳಲ್ಲಿ ಎರಡು ಸಲ ಫಿಟ್ಸ್ ಬಂತು, ಎರಡೂ ಮನೆಯಲ್ಲಿ. ಹೊಸ ಮಾತ್ರೆಯ ದಿನಗಳಲ್ಲಿ ಬೆಳಗಿನ ಹೊತ್ತು ಕೊಂಚ ಮಂಪರು ಇರುತ್ತದೆಂದು ಅವಳೇ ಮುಖ್ಯೋಪಾಧ್ಯಾಯಿನಿಗೆ ಹೇಳಿ, ಆ ದಿನಗಳಿಗೆ ಮಧ್ಯಾಹ್ನದ ಪೀರಿಯಡ್ ಕೇಳಿ ಪಡೆದಳು.

"ಒಳ್ಳೆ ಡಾಕ್ಟ್ರು ಸಿಕ್ಕಿದಾರೆ ಬಿಡಿ," ಎಂದರು ಅವರು.

"ಡಾಕ್ಟ್ರು ಒಳ್ಳೆಯವ್ರೇ ಮೇಡಂ. ಕಂಡುಹಿಡಿದಿದ್ದು ನಮ್ಮಜ್ಜಿ."