ಟವೆಲ್ಲಿನ ಬಸಿರು

ನಲವತ್ನಾಲ್ಕನೇ ವಯಸ್ಸಿನಲ್ಲಿ ಅವಳು ಬಸುರಿಯಾಗಿದ್ದಾಳೆಂದು ಗೊತ್ತಾದಾಗ ಇಡೀ ಕಟ್ಟಡ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಕ್ಕಿತು. ಮಗಳು ಹೆರುವ ಕಾಲಕ್ಕೆ ತಾಯಿ ಹೆರಲು ಹೊರಟಳಲ್ಲ ಎಂದು ಮೇಲಿನ ಮಹಡಿಯ ದರ್ಜಿ ಮೆಟ್ಟಿಲಿನ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಅಂದ. ಅವನಿಗದು ಬರೀ ತಮಾಷೆ. ಅವಳಿಗೆ ಮಾತ್ರ ಮೈಯೆಲ್ಲ ಬೆವರಿತು. ಯಾಕೆಂದರೆ ಅವಳ ಹೊಟ್ಟೆಯ ಮೇಲಿದ್ದದ್ದು ಎರಡು ಟವೆಲ್ಲು, ಅದರ ಮೇಲೊಂದು ಅಗಲವಾದ ಪಟ್ಟಿ. ನಿಜವಾದ ಬಸುರಿ ಒಳಗೆ, ಪರದೆ ಎಳೆದ ಕೋಣೆಯಲ್ಲಿ ಕೂತಿದ್ದ ಹದಿನೇಳು ವರ್ಷದ ಮಗಳು.

ಮಗಳು ಆ ವಿಷಯ ಹೇಳಿದ್ದು ಪಾತ್ರೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡು. ಹುಡುಗ ಅವಳ ತರಗತಿಯವನೇ. ತಾಯಿ ಮೊದಲು ಒಂದು ಬಾರಿಸಿದಳು, ಆಮೇಲೆ ಅದೇ ಕೈಯಲ್ಲಿ ತಬ್ಬಿಕೊಂಡು ಅತ್ತಳು. ಬೇರೆ ದಾರಿ ಯೋಚಿಸುವುದಕ್ಕೂ ದಿನ ಮೀರಿತ್ತು. ಗಂಡ ರಸ್ತೆಯ ಮೂಲೆಯಲ್ಲಿ ಬೀಗ ರಿಪೇರಿ ಮಾಡುವವನು. ಊರವರ ಬೀಗವನ್ನೆಲ್ಲ ತೆಗೆಯುವ ಆ ಮನುಷ್ಯ ಅವತ್ತಿನಿಂದ ತನ್ನ ಬಾಯಿಗೇ ಬೀಗ ಜಡಿದುಕೊಂಡ. ಕೇಳಿದರೆ, ನಿನಗೆ ಸರಿ ಕಂಡ ಹಾಗೆ ಮಾಡು ಅನ್ನುವನು. ಹೀಗನ್ನುವ ಗಂಡಸರು ಒಳ್ಳೆಯವರೆಂದು ಹೆಸರು ತೆಗೆದುಕೊಳ್ಳುತ್ತಾರೆ, ಮಾಡುವ ಕೆಲಸವೆಲ್ಲ ಹೆಂಗಸಿನ ತಲೆಗೆ ಬರುತ್ತದೆ.

ಸರಿ, ಅವಳು ತನಗೆ ಕಂಡ ಹಾಗೆ ಮಾಡಿದಳು. ಮಗಳಿಗೆ ಕಾಮಾಲೆ ಎಂದು ಶಾಲೆಗೆ ಹೇಳಿದಳು. ತಾನು ಬಸುರಿ ಎಂದು ನೆರೆಯವರಿಗೆ ಹೇಳಿದಳು. ಮಗು ಹುಟ್ಟಿದ ಮೇಲೆ ಅದು ನನ್ನದು, ನೀನು ಪುಸ್ತಕ ಹಿಡಿದುಕೊಂಡು ಮೊದಲಿನ ಹಾಗೆ ಶಾಲೆಗೆ ಹೋಗುವವಳು, ನಡೆದದ್ದೆಲ್ಲ ನಡೆದೇ ಇಲ್ಲ ಎಂದು ಮಗಳಿಗೆ ತಿಳಿಸಿ ಹೇಳಿದಳು. ಮಗಳು ಒಂದೇ ಒಂದು ಮಾತು ಕೇಳಿದಳು.

"ಹಾಗಾದ್ರೆ ಅದು ನನ್ನನ್ನ ಅಕ್ಕ ಅನ್ನತ್ತಾ?"

ಹೂಂ ಅಂದಳು ತಾಯಿ. ಇಂಥ ದೊಡ್ಡ ಮಾತಿಗೆ ಅಷ್ಟು ಸಲೀಸಾಗಿ ಹೂಂಗುಟ್ಟಬಾರದಿತ್ತು. ಆದರೆ ಅವಳ ತಲೆಯಲ್ಲಿ ಆಗ ಇದ್ದದ್ದು ಮೆಟ್ಟಿಲ ಮೇಲಿನ ನಾಲ್ಕು ಜನ, ಮಗಳಲ್ಲ.

ಒಂದು ದಿನ ಹುಡುಗನ ತಾಯಿ ಮಗನನ್ನು ಹಿಂದಿಟ್ಟುಕೊಂಡು ಬಾಗಿಲಿಗೇ ಬಂದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು, ಮಾತು ನೇರ. ತಪ್ಪು ಇಬ್ಬರದೂ ಇದೆ, ಮಗುವನ್ನು ಎರಡೂ ಮನೆಯವರು ಸೇರಿ ಸಾಕೋಣ, ಓದು ಮುಗಿದ ಮೇಲೆ ಅವರಿಬ್ಬರಿಗೂ ಬೇಕು ಅನ್ನಿಸಿದರೆ ಮದುವೆ, ಇಲ್ಲವಾದರೆ ಇಲ್ಲ ಎಂದಳು. ನಮ್ಮ ಬೀದಿಯಲ್ಲೇ ಇಂಥ ಎರಡು ಮನೆ ಇವೆ, ಯಾರ ತಲೆಯೂ ಕಳಚಿ ಬಿದ್ದಿಲ್ಲ ಎಂದೂ ಅಂದಳು. ಹುಡುಗ ಅವಳ ಹಿಂದೆ ನಿಂತು ಒಳಗಿನ ಪರದೆಯನ್ನೇ ನೋಡುತ್ತಿದ್ದ. ನನ್ನ ಮಗಳಿಗೆ ಕಾಮಾಲೆ, ನೀವು ಯಾರ ಮನೆಗೋ ಹೋಗುವವರು ಇಲ್ಲಿಗೆ ಬಂದಿದ್ದೀರಿ ಎಂದು ಇವಳು ಬಾಗಿಲು ಹಾಕಿದಳು. ಪರದೆಯ ಆಚೆಗಿದ್ದವಳಿಗೆ ಪ್ರತಿ ಮಾತೂ ಕೇಳಿಸಿತ್ತು. ಅವತ್ತು ರಾತ್ರಿ ಅವಳು ಊಟಕ್ಕೆ ಏಳಲಿಲ್ಲ.

ತಾಯಿಯ ಕೆಲಸ ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ. ಮೇಲೆ ಯಾರೋ ಮಲಗಿ ಎದ್ದ ಹಾಸುಬಟ್ಟೆಗಳು ಕೆಳಗೆ ಬಂದು, ಒಗೆದು, ಒಣಗಿ, ಬಿಸಿಬಿಸಿಯಾಗಿ ಇವರ ಕೈಗೆ ಬರುತ್ತವೆ. ಅಷ್ಟು ಅಗಲದ ಬಟ್ಟೆಯನ್ನು ಒಬ್ಬರೇ ಮಡಿಸಲಾಗುವುದಿಲ್ಲ. ಇಬ್ಬರು ಎರಡು ತುದಿ ಹಿಡಿದು, ಒಂದು ಸಲ ಜಾಡಿಸಿ, ಎದುರೆದುರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಇವಳು ತನ್ನ ಕೈಯಲ್ಲಿದ್ದ ತುದಿಯನ್ನು ಎದುರಿನವಳ ಕೈಗೆ ಕೊಟ್ಟು ಹಿಂದೆ ಸರಿಯಬೇಕು. ಹೀಗೆ ದಿನವಿಡೀ ಹತ್ತಿರ ಬರುವುದು, ದೂರ ಹೋಗುವುದು. ಗಂಡ ಹೆಂಡತಿಯರೂ ಇಷ್ಟು ಸಲ ಎದುರಾಗುವುದಿಲ್ಲ ಎಂದು ಅಲ್ಲಿನವರು ನಗುತ್ತಿದ್ದರು. ಅವಳ ಜೊತೆ ಮಡಿಸುತ್ತಿದ್ದವಳು ಅವಳಿಗಿಂತ ಸ್ವಲ್ಪ ದೊಡ್ಡವಳು. ಅಲ್ಲೆಲ್ಲ ಅವಳಿಗೆ ಜೋಡಿಯಕ್ಕ ಎಂದೇ ಹೆಸರು.

ಸುದ್ದಿ ಕೇಳಿದ ಮೇಲೆ ನೆಲಮಾಳಿಗೆಯ ಜನ ನಗಲಿಲ್ಲ. ಮೇಲ್ವಿಚಾರಕಿ ಮಡಿಸುವ ಮೇಜಿನ ಹತ್ತಿರ ಒಂದು ಕುರ್ಚಿ ಹಾಕಿಸಿದಳು. ಭಾರದ ಬುಟ್ಟಿಗಳನ್ನು ಬೇರೆಯವರು ಎತ್ತಿದರು. ಇಸ್ತ್ರಿಯ ಹತ್ತಿರದ ಹುಡುಗಿ, ಮದುವೆಯಾಗದೆಯೇ ಒಬ್ಬನ ಜೊತೆ ಸಂಸಾರ ಮಾಡಿಕೊಂಡಿದ್ದವಳು, ದಿನಾ ಒಂದು ಹಣ್ಣು ಸುಲಿದು ಇವಳ ಕೈಗಿಡುತ್ತಿದ್ದಳು. ಆ ಹುಡುಗಿಯ ಬಗ್ಗೆ ಹಿಂದೆ ಇವಳೇ ನಾಲಿಗೆ ಹರಿಬಿಟ್ಟಿದ್ದಳು. ಈಗ ಹಣ್ಣು ತಿನ್ನುವಾಗ ಅದು ನೆನಪಾಗುತ್ತಿತ್ತು, ಆದರೂ ತಿನ್ನುತ್ತಿದ್ದಳು.

ನಿಜ ಹೇಳಬೇಕೆಂದರೆ ಅವಳಿಗೆ ಅದು ಹಿತವಾಗತೊಡಗಿತು. ತಿಂಗಳಿಗೊಂದು ಟವೆಲ್ಲು ಸೇರಿಸುತ್ತ ಹೋದ ಹಾಗೆ ನಡಿಗೆ ತಾನಾಗಿ ನಿಧಾನವಾಯಿತು, ಎದ್ದರೆ ಕೂತರೆ ಕೈ ಸೊಂಟಕ್ಕೆ ಹೋಗತೊಡಗಿತು. ಒಂದು ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುತ್ತ, ಅಯ್ಯೋ ಬೆನ್ನು ಎಂದುಬಿಟ್ಟಳು. ಒಳಗೆ ನೆಲ ಒರೆಸುತ್ತಿದ್ದ ಮಗಳು, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡೇ ತಲೆಯೆತ್ತಿ ನೋಡಿದಳು. ತಾಯಿ ನಾಚಿಕೆಯಿಂದ ಹಿಡಿಯಷ್ಟಾದಳು, ಬಟ್ಟೆ ಕಸಿದುಕೊಂಡು ತಾನೇ ನೆಲ ಒರೆಸಲು ಹೋದಳು. ಹೊಟ್ಟೆಯ ಗಂಟು ಅಡ್ಡ ಬಂದು ಬಗ್ಗಲಿಕ್ಕೇ ಆಗಲಿಲ್ಲ.

ಎಂಟನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಇಬ್ಬರೂ ಹಾಸುಬಟ್ಟೆ ಮಡಿಸುತ್ತಿದ್ದರು. ಎದುರೆದುರು ಬಂದಾಗ ಜೋಡಿಯಕ್ಕ ತುದಿ ತೆಗೆದುಕೊಳ್ಳದೆ ಅಲ್ಲೇ ನಿಂತಳು. ಇಬ್ಬರ ಹೊಟ್ಟೆಗಳ ನಡುವೆ ಇದ್ದದ್ದು ಬಟ್ಟೆ ಮಾತ್ರ.

"ನನ್ನ ಹತ್ರ ಯಾಕೆ ಮುಚ್ಚಿಟ್ಟೆ?" ಎಂದು ಮೆತ್ತಗೆ ಕೇಳಿದಳು. "ದಿನಾ ನೂರು ಸಲ ನನಗೆ ತಾಗ್ತೀಯ. ಟವೆಲ್ ಯಾವುದು, ಮೈ ಯಾವುದು ನನಗೆ ಗೊತ್ತಾಗಲ್ವಾ?"

ಬೇರೆಯವರಿಗೆ ಹೇಳಬೇಡ ಎಂದು ಇವಳು ಗೋಗರೆದಳು. ಹೇಳುವುದೇನು ಬಂತು, ಎಲ್ಲರಿಗೂ ಮೊದಲ ವಾರವೇ ತಿಳಿದಿದೆ ಎಂದಳು ಜೋಡಿಯಕ್ಕ. ಕುರ್ಚಿ ಹಾಕಿಸಿದವಳಿಗೂ ಗೊತ್ತು, ಹಣ್ಣು ಕೊಡುವವಳಿಗೂ ಗೊತ್ತು. ಬಟ್ಟೆ ಮುಟ್ಟಿ ಅನ್ನ ತಿನ್ನುವವರ ಮಧ್ಯೆ ಬಟ್ಟೆ ಕಟ್ಟಿಕೊಂಡು ಬಂದರೆ ಇನ್ನೇನಾಗುತ್ತದೆ? ಇವಳಿಗೆ ಹೇಳಿಕೊಳ್ಳಲು ಧೈರ್ಯ ಬರುವವರೆಗೆ ಸುಮ್ಮನಿರೋಣ ಎಂದು ಎಲ್ಲರೂ ಮಾತಾಡಿಕೊಂಡಿದ್ದರಂತೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಅನ್ನುತ್ತಾರೆ. ಇಲ್ಲಿ ಬಟ್ಟಲು ತುಂಬಿ ಕೊಟ್ಟವರೂ ಪಾಪ ಅಂತ ಮುಖ ತಿರುಗಿಸಿ ಕೂತಿದ್ದರು.

ಅವತ್ತು ಅವಳು ಕುರ್ಚಿಯ ಮೇಲೆ ಕೂರಲಿಲ್ಲ. ಮನೆಗೆ ಬಂದು ಬಚ್ಚಲಿನಲ್ಲಿ ಪಟ್ಟಿ ಬಿಚ್ಚಿ ಎಸೆದಳು. ಮರುದಿನ ಬೆಳಿಗ್ಗೆ ಅದನ್ನೇ ಎತ್ತಿ ಮತ್ತೆ ಕಟ್ಟಿಕೊಂಡಳು. ಮೆಟ್ಟಿಲ ಮೇಲಿನ ಜನಕ್ಕೆ ಇನ್ನೂ ಗೊತ್ತಿರಲಿಲ್ಲವಲ್ಲ.

ಅವತ್ತೇ ಮಗಳನ್ನು ತಪಾಸಣೆಗೆ ಕರೆದುಕೊಂಡು ಹೋಗಬೇಕಿತ್ತು. ಗುರುತಿನವರು ಸಿಗಬಾರದೆಂದು ಅವಳು ಹುಡುಕಿದ್ದ ಆಸ್ಪತ್ರೆ ಊರಿನ ಇನ್ನೊಂದು ತುದಿಯಲ್ಲಿತ್ತು. ಮಗಳಿಗೆ ಅಪ್ಪನ ದೊಗಳೆ ಕೋಟು ಹಾಕಿಸಿದಳು. ಆಸ್ಪತ್ರೆಯಲ್ಲಿ ನರ್ಸು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ತೋರಿಸಿಕೊಳ್ಳುವವರು ಯಾರು ಎಂದು ಕೇಳಿದಳು. ಮಗಳು ಕೈಯೆತ್ತಿದಳು, ತರಗತಿಯಲ್ಲಿ ಹಾಜರಿ ಹೇಳುವವಳ ಹಾಗೆ. ಡಾಕ್ಟರು ಮಗುವಿಗೆ ತೊಂದರೆಯಿಲ್ಲ, ಆದರೆ ತಾಯಿಯ ಕಾಲು ಊದಿದೆ, ರಕ್ತದೊತ್ತಡ ಏರಿದೆ, ಇನ್ನು ಮೇಲೆ ಹೆಚ್ಚು ಹೊತ್ತು ನಿಲ್ಲಬಾರದು ಎಂದರು. ತಾಯಿ ಎಂಬ ಮಾತಿಗೆ ಇಬ್ಬರೂ ಒಟ್ಟಿಗೇ ತಲೆಯಾಡಿಸಿದರು.

ವಾಪಸು ಬರುವ ಬಸ್ಸು ಕಿಕ್ಕಿರಿದಿತ್ತು. ಹತ್ತಿದ ಕೂಡಲೇ ಕಿವಿಗೆ ವೈರು ಸಿಕ್ಕಿಸಿಕೊಂಡಿದ್ದ ಒಬ್ಬ ತಟ್ಟನೆ ಎದ್ದು, ಅಕ್ಕಾ ನೀವು ಕೂತ್ಕೊಳ್ಳಿ ಎಂದು ಇವಳಿಗೆ ಜಾಗ ಬಿಟ್ಟ. ಪಕ್ಕದವರೂ ಕಾಲು ಮಡಚಿ ದಾರಿ ಮಾಡಿದರು. ಬೇಡ ಅಂದರೆ ಯಾಕೆ ಅನ್ನುತ್ತಾರೆ. ಅವಳು ಕೂತಳು. ಮಗಳು ಅವಳ ಪಕ್ಕದಲ್ಲೇ ಮೇಲಿನ ಕಂಬಿ ಹಿಡಿದು ನಿಂತಳು.

ಕೂತವಳ ಕಣ್ಣಿಗೆ ನೇರ ಕಾಣುತ್ತಿದ್ದದ್ದು ಮಗಳ ಕಾಲು. ಚಪ್ಪಲಿಯ ಪಟ್ಟಿಯ ಎರಡೂ ಕಡೆ ಮಾಂಸ ಉಬ್ಬಿತ್ತು. ಬಸ್ಸು ಬ್ರೇಕು ಹಾಕಿದಾಗಲೆಲ್ಲ ಹುಡುಗಿ ಒಂದು ಕೈಯಲ್ಲಿ ಕೋಟನ್ನು ಒತ್ತಿಕೊಳ್ಳುತ್ತಿದ್ದಳು. ಇನ್ನೊಂದು ನಿಲ್ದಾಣ ಬರಲಿ, ಜನ ಇಳಿಯುತ್ತಾರೆ, ಆಗ ಅವಳೂ ಕೂರುತ್ತಾಳೆ ಎಂದು ತಾಯಿ ಲೆಕ್ಕ ಹಾಕಿದಳು. ನಿಲ್ದಾಣ ಬಂತು. ಇಳಿದವರಿಗಿಂತ ಹತ್ತಿದವರೇ ಹೆಚ್ಚು.

ಪಕ್ಕದಲ್ಲಿ ಕೂತಿದ್ದ ಮುದುಕಿಗೆ ಮಾತಿನ ಚಪಲ. ಎಷ್ಟು ತಿಂಗಳು ಎಂದು ಕೇಳಿದಳು. ಎಂಟು ಎಂದಳು ಇವಳು, ಕಲಿತ ಪಾಠ. ಪರವಾಗಿಲ್ಲ, ಮಗಳು ದೊಡ್ಡವಳಿದ್ದಾಳೆ, ಎತ್ತಿ ಆಡಿಸುವುದಕ್ಕೆ ಕೈಗೆ ಆಗುತ್ತಾಳೆ ಎಂದು ಮುದುಕಿ ಮೇಲೆ ನೋಡಿ ನಕ್ಕಳು.

"ಏನಮ್ಮಾ, ನಿನಗೆ ತಮ್ಮ ಬೇಕಾ, ತಂಗಿ ಬೇಕಾ?"

ಹುಡುಗಿಯ ತುಟಿ ಬೆಳ್ಳಗಾಗಿತ್ತು.

"ಅಮ್ಮನ್ನ ಕೇಳಿ" ಎಂದಳು.

ಆ ದನಿಯಲ್ಲಿ ಸಿಟ್ಟಿದ್ದಿದ್ದರೆ ತಾಯಿ ಹೇಗೋ ತಡೆದುಕೊಳ್ಳುತ್ತಿದ್ದಳು. ಸಿಟ್ಟಿರಲಿಲ್ಲ. ಕೊಡುವುದನ್ನೆಲ್ಲ ಕೊಟ್ಟಾಗಿದೆ, ಇನ್ನು ನನ್ನನ್ನು ಕೇಳಬೇಡಿ ಅನ್ನುವವಳ ಸುಸ್ತು ಇತ್ತು. ತಾಯಿ ಎದ್ದು ನಿಂತಳು. ಹೊಟ್ಟೆಯ ಗಂಟು ಪಕ್ಕಕ್ಕೆ ಸರಿದಿತ್ತು. ಅದನ್ನು ಸರಿ ಮಾಡಿಕೊಳ್ಳಲಿಲ್ಲ.

"ಬಸುರಿ ನಾನಲ್ಲ. ಇವಳು. ಮಗು ಇವಳದು" ಎಂದಳು.

ಮೆಲ್ಲಗೆ ಹೇಳಬೇಕೆಂದುಕೊಂಡಿದ್ದಳು. ತಿಂಗಳುಗಟ್ಟಲೆ ಅದುಮಿಟ್ಟ ಮಾತು ಜೋರಾಗಿಯೇ ಬಂತು. ಹೇಳಿ ಮುಗಿಸಿ, ತಲೆ ತಗ್ಗಿಸಿ, ಬಸ್ಸಿಗೆ ಬಸ್ಸೇ ತನ್ನ ಮುಖಕ್ಕೆ ಉಗಿಯಲಿ ಎಂದು ಕಾದಳು. ಮುಂದೆ ಕೂತ ಒಬ್ಬಾಕೆ ತಿರುಗಿ ನೋಡಿ ಮತ್ತೆ ಫೋನಿಗೆ ಕಣ್ಣು ಹಾಕಿದಳು. ಜಾಗ ಕೊಟ್ಟಿದ್ದವನು ಕಿವಿಯ ವೈರು ತೆಗೆದು, ಮಗಳ ತೋಳು ಹಿಡಿದು ಕೂರಿಸಿ, ತನ್ನ ನೀರಿನ ಬಾಟಲಿ ಕೊಟ್ಟ. ಅಷ್ಟೇ. ಯಾರೂ ಛೀ ಅನ್ನಲಿಲ್ಲ, ಯಾರೂ ಕಿಸಕ್ಕೆಂದು ನಗಲಿಲ್ಲ. ಯಾರಿಗೆ ಹೆದರಿ ಅವಳು ಇಷ್ಟೆಲ್ಲ ಕಟ್ಟಿಕೊಂಡಿದ್ದಳೋ ಅವರು ಆ ಬಸ್ಸಿನಲ್ಲಿ ಇರಲೇ ಇಲ್ಲ.

ಮುದುಕಿ ಮಾತ್ರ ಹುಡುಗಿಯ ಊದಿದ ಕಾಲು ನೋಡಿದಳು, ಇವಳ ಸೊಟ್ಟಗಾದ ಹೊಟ್ಟೆ ನೋಡಿದಳು, ಮತ್ತೆ ಆ ಕಾಲನ್ನೇ ನೋಡಿದಳು.

"ಹಾಗಾದ್ರೆ ಇಷ್ಟೊತ್ತು ಇವಳನ್ನ ಯಾಕಮ್ಮಾ ನಿಲ್ಲಿಸಿದ್ದೆ?"

ಯಾರು ಏನು ಕೇಳಿದರೆ ಏನು ಹೇಳಬೇಕೆಂದು ಅವಳು ಎಲ್ಲ ಯೋಚಿಸಿಟ್ಟಿದ್ದಳು. ಈ ವಯಸ್ಸಿಗೆ ಯಾಕೆ, ಎಷ್ಟನೇ ತಿಂಗಳು, ಮಗಳು ಯಾಕೆ ಶಾಲೆಗೆ ಬರುತ್ತಿಲ್ಲ, ಒಂದಕ್ಕೂ ತಡವರಿಸಿರಲಿಲ್ಲ. ಇದಕ್ಕೆ ಮಾತ್ರ ಅವಳ ಹತ್ತಿರ ಒಂದು ಸುಳ್ಳೂ ಇರಲಿಲ್ಲ. ಕಂಬಿ ಹಿಡಿದು ತೂರಾಡುತ್ತ ನಿಂತಳು. ನೀರು ಕುಡಿದು ಬಾಟಲಿ ಕೆಳಗಿಳಿಸಿದ ಮಗಳೂ ಉತ್ತರಕ್ಕಾಗಿ ಅವಳ ಮುಖವನ್ನೇ ನೋಡುತ್ತಿದ್ದಳು.